ಸ್ಕೀ ಬೋಟಿನ ಹಿಂದಿನ ಹಲಗೆ: ತೇಗವೋ, ಫೈಬರ್‌ಗ್ಲಾಸೋ?

ಕಾಲಿಗೆ ಸ್ಕೀ ಎಂಬ ಉದ್ದ ಪಟ್ಟಿ ಕಟ್ಟಿಕೊಂಡು ನೀರಿನ ಮೇಲೆ ಜಾರುವವರನ್ನು ಹಗ್ಗದಿಂದ ಎಳೆಯುವುದು ಸ್ಕೀ ಬೋಟು. ಅದರ ಹಿಂಬದಿಯಲ್ಲಿ, ನೀರಿಗೆ ತಾಗಿಯೂ ತಾಗದ ಹಾಗೆ ಒಂದು ಅಗಲವಾದ ಹಲಗೆ ಇರುತ್ತದೆ. ಸ್ವಿಮ್ ಪ್ಲಾಟ್‌ಫಾರ್ಮ್ ಅಂತಾರೆ. ಕಾಲಿಗೆ ಸ್ಕೀ ಹಾಕಿಕೊಳ್ಳುವುದು ಅದರ ಮೇಲೆ ಕೂತು. ನೀರಿನಿಂದ ಬೋಟು ಹತ್ತುವುದೂ ಅಲ್ಲಿಂದಲೇ. ದಿನವಿಡೀ ಒದ್ದೆ, ಬಿಸಿಲು, ತುಳಿತ ಎಲ್ಲವೂ ಅದಕ್ಕೇ. ಅದು ಹಾಳಾದಾಗ ಬರುವ ಪ್ರಶ್ನೆ ಒಂದೇ. ತೇಗದ್ದು ಹಾಕಿಸೋಣವೋ, ಫೈಬರ್‌ಗ್ಲಾಸಿನದೋ?

ನಾನು ಚಿಕ್ಕಮಗಳೂರಿನಲ್ಲಿ ಮರಗೆಲಸ ಮಾಡುವವನು. ಬಾಗಿಲು, ಕಿಟಕಿ ನಮ್ಮ ದಿನದ ಕೆಲಸ. ಬೋಟಿನ ಮರದ ಕೆಲಸ ಬಂದರೆ ಅದನ್ನೂ ಆಸೆಯಿಂದ ಮಾಡುತ್ತೇನೆ. ತೇಗ ನನಗೆ ತುಂಬಾ ಇಷ್ಟದ ಮರ. ಹಾಗಂತ ಕೇಳಿದವರಿಗೆಲ್ಲ ತೇಗವನ್ನೇ ಹೇಳುವುದಿಲ್ಲ. ಮೊದಲು ಎರಡು ವಿಷಯ ಕೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟು ಎಲ್ಲಿ ನಿಂತಿರುತ್ತದೆ? ಅದನ್ನು ತೊಳೆದು ಒರೆಸುವವರು ಯಾರು? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ತೀರ್ಮಾನ ಆದ ಹಾಗೆಯೇ.

ತೇಗದ ಗುಣ ಮೊದಲು ಹೇಳುತ್ತೇನೆ. ಅದರ ಒಳಗೇ ಎಣ್ಣೆ ಇದೆ. ಅದಕ್ಕೇ ನೀರಿಗೂ ಹುಳಕ್ಕೂ ಬೇಗ ಬಗ್ಗುವುದಿಲ್ಲ. ಮರದಲ್ಲಿ ಸಿಲಿಕಾ ಅಂಶವೂ ಇರುವುದರಿಂದ ನಮ್ಮ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಒದ್ದೆಯಾದಾಗ ಬರಿಗಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಸ್ಕೀ ಬೋಟಿಗೆ ಇದಕ್ಕಿಂತ ದೊಡ್ಡ ಲಾಭ ಒಂದಿದೆ. ತೇಗದ ಪ್ಲಾಟ್‌ಫಾರ್ಮನ್ನು ಪಟ್ಟಿ ಪಟ್ಟಿಯಾಗಿ, ನಡುವೆ ಸಂದಿ ಬಿಟ್ಟು ಮಾಡುತ್ತಾರೆ. ಜೋರಾಗಿ ಓಡುತ್ತಿದ್ದ ಬೋಟು ನಿಂತ ತಕ್ಷಣ ಹಿಂದಿನ ಅಲೆ ಬಂದು ಹಲಗೆಯ ತಳಕ್ಕೆ ಹೊಡೆಯುತ್ತದೆ. ಸಂದಿ ಇದ್ದರೆ ನೀರು ಮೇಲಕ್ಕೆ ಚಿಮ್ಮಿ ಹೋಗುತ್ತದೆ. ಸಂದಿಯಿಲ್ಲದ ಹಲಗೆಯಾದರೆ ಆ ಏಟೆಲ್ಲ ಬ್ರಾಕೆಟ್‌ಗೂ ಬೋಟಿನ ಹಿಂಗೋಡೆಗೂ ಬೀಳುತ್ತದೆ. ಸ್ಕೀ ಎಳೆಯುವಾಗ ನಿಲ್ಲುವುದು, ಮತ್ತೆ ಹೊರಡುವುದು ನಡೆಯುತ್ತಲೇ ಇರುತ್ತದಲ್ವಾ? ಏಟೂ ಅಷ್ಟೇ ಸಲ ಬೀಳುತ್ತದೆ.

ತೂಕದ ಭಯ ಬೇಡ. 180 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ ಅಂತ ಲೆಕ್ಕ ಹಾಕಿ. ಒಂದು ಘನ ಮೀಟರ್ ಒಣ ತೇಗ ಸುಮಾರು 650 ಕಿಲೋ ತೂಗುತ್ತದೆ. ಹಾಗಾದರೆ ಇಡೀ ಹಲಗೆ 12 ಕಿಲೋದ ಆಸುಪಾಸು. ಸಂದಿ ಕಳೆದು, ಅಡ್ಡಪಟ್ಟಿ ಕೂಡಿದರೂ ಒಬ್ಬರೇ ಎತ್ತಿಡಬಹುದು. ಬ್ರಾಕೆಟ್‌ಗೆ ಪಿನ್ನು ಹಾಕಿ ಕೂರಿಸುವ ತರಹದ್ದು ಮಾಡಿಸಿದರೆ ಮಳೆಗಾಲ ಶುರುವಾಗುವ ಮೊದಲೇ ಬಿಚ್ಚಿ ಮನೆಯೊಳಗೆ ಇಡಬಹುದು. ನಮ್ಮ ಮಲೆನಾಡಿನ ಕಡೆಗೆ ಇದು ಬಹಳ ಒಳ್ಳೆಯದು.

ಇನ್ನು ಮರ ಆರಿಸುವುದು. ಇಲ್ಲಿ ಅವಸರ ಬೇಡ. ಒಳಗಿನ ಚೇಗನ್ನು ಮಾತ್ರ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗ ತೇಗದ್ದೇ ಆದರೂ ನೀರಿನಲ್ಲಿ ಕೊಳೆಯುತ್ತದೆ. ಎಳೆಯ ಮರದಲ್ಲಿ ಈ ಬಿಳಿ ಭಾಗ ಜಾಸ್ತಿ. ಪಾಲಿಶ್ ಹೊಡೆದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಪಟ್ಟಿ ಕೊಯ್ಯುವಾಗಲೇ ಎದುರು ನಿಂತು ನೋಡಿ. ತೇಗ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಕಾಗದ ಬೇಕು. ತೋಟದ ಮರವೇ ಆದರೂ ಮೊದಲು ಇಲಾಖೆಯಲ್ಲಿ ಕೇಳಿಕೊಳ್ಳಿ. ಡಿಪೊ ಹರಾಜಿನ ಮರವಾದರೆ ಬಿಲ್ಲು ಇಟ್ಟುಕೊಳ್ಳಿ. ಕೆಲವರು, ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಅದರಲ್ಲೇ ಮಾಡಿಕೊಡಿ ಅಂತಾರೆ. ದಯವಿಟ್ಟು ಬೇಡ. ಅದು ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ನೀರಿನಲ್ಲಿ ಬಾಳುವ ಮರವಲ್ಲ.

ಅಂಟಿನ ಕೆಲಸದಲ್ಲಿ ಒಂದು ಎಚ್ಚರ. ತೇಗದ ಎಣ್ಣೆಯ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ. ಎಪಾಕ್ಸಿ ಹಚ್ಚುವ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ತಡ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅಂಟನ್ನೇ ನಂಬಿ ಕೂರಬೇಡಿ, ತಳದ ಅಡ್ಡಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಆರೈಕೆಗೆ ಎಲ್ಲರೂ ಹೆದರುತ್ತಾರೆ. ಅಷ್ಟೇನೂ ಇಲ್ಲ. ತೇಗ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆತವಲ್ಲ, ಬರೀ ಮೇಲ್ಮೈಯ ಬಣ್ಣ. ನಾನಾದರೆ ಹಾಗೇ ಬಿಡುತ್ತೇನೆ. ಜೇನಿನ ಬಣ್ಣವೇ ಬೇಕು ಅನ್ನುವವರು ತೇಗದ ಸೀಲರ್ ಹಚ್ಚಲಿ, ಆಗಾಗ ಮತ್ತೆ ಹಚ್ಚುತ್ತಿರಲಿ. ವಾರ್ನಿಶ್ ಮಾತ್ರ ಬೇಡವೇ ಬೇಡ. ಒದ್ದೆಯಾದರೆ ಕಾಲು ಜಾರುತ್ತದೆ. ತೊಳೆಯುವಾಗ ಮೆತ್ತನೆ ಬ್ರಷ್ ತೆಗೆದುಕೊಂಡು ನಾರಿಗೆ ಅಡ್ಡವಾಗಿ ಉಜ್ಜಿ. ನಾರಿನ ಉದ್ದಕ್ಕೆ ಉಜ್ಜಿದರೆ, ಇಲ್ಲವೇ ಪ್ರೆಶರ್ ಪಂಪ್ ಹಿಡಿದರೆ, ಮೆತ್ತನೆ ನಾರು ಕಿತ್ತು ಬಂದು ಗೀರು ಗೀರಾಗುತ್ತದೆ. ಆಮೇಲೆ ಉಪ್ಪುಕಾಗದ ಹಾಕಬೇಕು. ಹಾಕಿದಷ್ಟೂ ಮರ ತೆಳ್ಳಗಾಗುತ್ತದೆ.

ಈಗ ಫೈಬರ್‌ಗ್ಲಾಸ್. ಬೋಟು ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ, ಹೋಂಸ್ಟೇಗೆ ಬಂದ ಹತ್ತಾರು ಜನ ಹತ್ತಿ ಇಳಿಯುತ್ತಾರೆ, ಬ್ರಷ್ ಹಿಡಿಯುವವರು ಯಾರೂ ಇಲ್ಲ ಅಂದರೆ ಕಣ್ಣು ಮುಚ್ಚಿ ಇದನ್ನೇ ಹಾಕಿಸಿ. ತೊಳೆದು, ವರ್ಷಕ್ಕೊಂದೆರಡು ಸಲ ಕಾಲು ಜಾರದ ತರಹದ ವ್ಯಾಕ್ಸ್ ಹಚ್ಚಿದರೆ ಸಾಕು. ಹಚ್ಚದಿದ್ದರೆ ಮೇಲಿನ ಹೊಳಪಿನ ಪದರ, ಅಂದರೆ ಜೆಲ್‌ಕೋಟ್, ಬಿಸಿಲಿಗೆ ಸುಣ್ಣದ ಪುಡಿಯಂತೆ ಕೈಗೆ ಬರುತ್ತದೆ. ಮೇಲ್ಮೈ ತರಿತರಿಯಾಗಿರುವುದನ್ನೇ ಆರಿಸಿ. ಆ ತರಿಯಲ್ಲಿ ಪಾಚಿ ಕೂರದ ಹಾಗೆ ನೋಡಿಕೊಳ್ಳಿ. ಗಾಢ ಬಣ್ಣ ಬೇಡ, ಏಪ್ರಿಲ್ ಬಿಸಿಲಿಗೆ ಅಂಗಾಲು ಸುಡುತ್ತದೆ.

ಇದರ ಕಷ್ಟ ಇರುವುದು ಒಳಗೆ. ಎಷ್ಟೋ ಪ್ಲಾಟ್‌ಫಾರ್ಮ್‌ಗಳ ಹೊಟ್ಟೆಯಲ್ಲಿ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಕೊಳೆಯುತ್ತಿರುತ್ತದೆ. ಹಳೆಯದನ್ನು ಕೊಳ್ಳುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ದಬ್ ಅನ್ನುತ್ತದೆ. ಬೋಲ್ಟಿನ ಸುತ್ತ ಎರಡು ಸಲ ತಟ್ಟಿ. ಹೊಸದಾಗಿ ತೂತು ಹಾಕಿಸುವುದಾದರೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸರಿ ಅಳತೆಯ ತೂತು ಹಾಕಬೇಕು. ಆಗ ನೀರು ಒಳಗಿನ ಮರವನ್ನು ಮುಟ್ಟುವುದೇ ಇಲ್ಲ.

ರಿಪೇರಿಯಲ್ಲಿ ತೇಗ ಗೆಲ್ಲುತ್ತದೆ. ಬೇಸಿಗೆಯಲ್ಲಿ ಹೇಮಾವತಿ, ಭದ್ರಾ ಹಿನ್ನೀರು ಇಳಿದಾಗ ದಡ ದೂರ ಹೋಗುತ್ತದೆ, ಮುಳುಗಿದ್ದ ಕಲ್ಲು, ಬೊಡ್ಡೆ ಮೇಲಕ್ಕೆ ಬರುತ್ತವೆ. ಟ್ರೈಲರ್ ಹಿಂದಕ್ಕೆ ಬಿಡುವಾಗ ಮೊದಲು ತಾಗುವುದು ಈ ಹಲಗೆಯೇ. ತೇಗದ ಒಂದು ಪಟ್ಟಿ ಮುರಿದರೆ ಬೇಲೂರಿನಲ್ಲೋ ಹಾಸನದಲ್ಲೋ ಒಳ್ಳೆಯ ಬಡಗಿ ಅಷ್ಟನ್ನೇ ಬದಲಿಸಿ ಕೊಡುತ್ತಾನೆ. ಫೈಬರ್ ಬಿರುಕು ಬಿಟ್ಟರೆ ಕಾರಿನ ಬಂಪರ್ ರಿಪೇರಿಯವರು ಗಾಜಿನ ನಾರಿನ ಮ್ಯಾಟು, ರೆಸಿನ್ ಹಾಕಿ ಮುಚ್ಚಬಲ್ಲರು. ಮೂಲೆಯೇ ಮುರಿದರೆ ಅದೇ ಆಕಾರ ಮತ್ತೆ ತರುವುದು ಕಷ್ಟ.

ಯಾವುದನ್ನೇ ಆರಿಸಿ, ಮೊದಲು ರಟ್ಟು ಕತ್ತರಿಸಿ ಹಿಂಗೋಡೆಯ ಬಾಗಿನ ಅಚ್ಚು ತೆಗೆಯಿರಿ. ಬ್ರಾಕೆಟ್‌ಗಳ ನಡುವಿನ ದೂರವನ್ನೂ ಹೊಗೆ ಕೊಳವೆಯ ಜಾಗವನ್ನೂ ಅದರ ಮೇಲೇ ಗುರುತು ಹಾಕಿ. ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಒಳಗಡೆ ಅಗಲ ವಾಷರ್ ಹಾಕಿಸಿ. ಸೀಲೆಂಟ್ ಬೋಟಿಗೆಂದೇ ಮಾಡಿದ ಪಾಲಿಯುರೆಥೇನ್ ಇರಲಿ. ಬಾತ್‌ರೂಮಿನ ಸಿಲಿಕೋನ್ ಬೇಡ, ಒಮ್ಮೆ ಹಚ್ಚಿದರೆ ಆಮೇಲೆ ಅಲ್ಲಿ ಬೇರೆ ಯಾವುದೂ ಅಂಟುವುದಿಲ್ಲ. ಕೆಲಸಕ್ಕೆ ಒಳ್ಳೆಯ ಕಾಲ ಕಾಫಿ ಕೊಯ್ಲು ಮುಗಿದ ಮೇಲೆ, ಹೂಮಳೆ ಬೀಳುವ ಮುಂಚೆ. ತೇವದ ಗಾಳಿಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಸೀಲರ್ ಕೂಡ ಒಣಗುವುದಿಲ್ಲ.

ಕೊನೆಗೆ, ಮಕ್ಕಳಿರುವ ಮನೆಯವರಿಗೆ ಖಂಡಿತ ಹೇಳಬೇಕಾದ ಮಾತು. ಸ್ಕೀ ಬೋಟಿನ ಹೊಗೆ ಕೊಳವೆ ಇರುವುದು ಈ ಹಲಗೆಯ ಕೆಳಗಡೆಯಲ್ಲೇ, ನೀರು ತಳ್ಳುವ ಪ್ರೊಪೆಲ್ಲರ್ ಅದಕ್ಕೆ ಹತ್ತಿರ, ಬೋಟಿನ ತಳದಲ್ಲಿ. ಎಂಜಿನ್ ಓಡುತ್ತಿರುವಾಗ ಹಲಗೆ ಹಿಡಿದು ತೇಲುವವರಿಗೆ, ಅದರ ಮೇಲೆ ಕೂರುವವರಿಗೆ ಕಾರ್ಬನ್ ಮಾನಾಕ್ಸೈಡ್ ಹೊಗೆ ನೇರ ಮೂಗಿಗೆ ಹೋಗುತ್ತದೆ. ಅದಕ್ಕೆ ವಾಸನೆಯಿಲ್ಲ. ಹೀಗೆ ಜನ ಸತ್ತ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾ 2004ರಲ್ಲಿ ಇದನ್ನು ತಡೆಯಲು ಕಾನೂನೇ ಮಾಡಿತು. ಯಾರಾದರೂ ಹಲಗೆಯ ಹತ್ತಿರ ಈಜಿ ಬರುತ್ತಿದ್ದಾರೆ ಅಂದರೆ ಎಂಜಿನ್ ಪೂರ್ತಿ ಆಫ್ ಮಾಡಿ. ಗೇರ್ ನ್ಯೂಟ್ರಲ್‌ಗೆ ಹಾಕಿದರೆ ಸಾಲದು.