ಎರಡನೇ ಶನಿವಾರ, ಇಪ್ಪತ್ತು ಮುಖದ ದಾಳ

ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯ ಊಟದ ಮೇಜು ಖಾಲಿ ಇರಬೇಕು. ಆ ಎರಡು ಶನಿವಾರವೇ ಯಾಕೆ ಅಂದರೆ, ನಮ್ಮ ಗೆಳತಿಯೊಬ್ಬಳು ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಅವತ್ತು ರಜೆ. ನಾವು ಐದು ಜನ ಮೇಜಿನ ಸುತ್ತ ಕೂರುತ್ತೇವೆ. ಪೆನ್ಸಿಲ್, ನಾಲ್ಕು ಹಾಳೆ, ಒಂದು ಬಟ್ಟಲು ಮಂಡಕ್ಕಿ, ಒಂದು ಚೀಲ ದಾಳ. ರಾತ್ರಿ ಎಂಟರವರೆಗೆ ಕಥೆ ಕಟ್ಟುತ್ತಾ ಆಡುವ ಆಟ ನಡೆಯುತ್ತದೆ.

‘ಮೊಬೈಲಿನಲ್ಲಿ ಎಷ್ಟೊಂದು ಗೇಮ್ ಇದೆ, ಇನ್ನೂ ಹೀಗೆ ಕೂತು ಆಡ್ತೀರಾ?’ ಅಂತ ಕೆಲವರು ಕೇಳುತ್ತಾರೆ. ಹೌದು, ಆಡುತ್ತೇವೆ. 2018ರಿಂದ ಆಡುತ್ತಿದ್ದೇವೆ. ನಡುವೆ ಎರಡು ಸಲ ಪೂರ್ತಿ ನಿಂತೇ ಹೋಗಿತ್ತು. ಅದು ಹೇಗೆ ಮತ್ತೆ ಶುರುವಾಯಿತು ಅನ್ನುವುದನ್ನು ಬರೆಯುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ ಆಟ. ಒಬ್ಬರು ಕಥೆ ನಡೆಸುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ನಮ್ಮಲ್ಲಿ ಅದು ನಾನು. ಉಳಿದವರಿಗೆ ತಲಾ ಒಂದು ಪಾತ್ರ. ‘ಮುಂದೆ ನದಿ ಇದೆ, ದೋಣಿ ಇಲ್ಲ, ಏನು ಮಾಡುತ್ತೀರಿ?’ ಅಂತ ನಾನು ಕೇಳುತ್ತೇನೆ. ಅವರು ಹೇಳುತ್ತಾರೆ. ಸುಲಭದ ಕೆಲಸವಾದರೆ ಆಗಿಹೋಗುತ್ತದೆ. ಕಷ್ಟದ್ದಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆಗೆ ಆ ಪಾತ್ರದ ಬಲವನ್ನು ಕೂಡಿಸಬೇಕು. ಸಾಧಾರಣ ಕಷ್ಟದ ಕೆಲಸಕ್ಕೆ 15 ಮುಟ್ಟಬೇಕು, ತುಂಬಾ ಕಷ್ಟದ್ದಕ್ಕೆ 25. ಆಟದ ಬೆನ್ನೆಲುಬು ಇಷ್ಟೇ. ಸೋಲು ಗೆಲುವು ಅಂತ ಕೊನೆಯಲ್ಲಿ ಲೆಕ್ಕ ಹಾಕುವುದಿಲ್ಲ.

ನಾವು ಶುರು ಮಾಡಿದ್ದು ಇಂಗ್ಲಿಷಿನಲ್ಲಿ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಕಥೆಯೂ ಅಲ್ಲಿಂದಲೇ ತಂದದ್ದು. ಹಿಮ ಬೀಳುವ ಊರು, ಹೋಟೆಲಿನಲ್ಲಿ ಕೂತು ಬಿಯರ್ ಕುಡಿಯುವ ಗಿಡ್ಡ ಮನುಷ್ಯರು. ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಆದರೂ ಆಟದಲ್ಲಿ ಎಲ್ಲರೂ ವರದಿ ಒಪ್ಪಿಸುವ ಹಾಗೆ ಮಾತಾಡುತ್ತಿದ್ದರು. ‘ನನ್ನ ಪಾತ್ರ ಕಾವಲುಗಾರನ ಹತ್ತಿರ ಹೋಗುತ್ತದೆ. ಒಳಗೆ ಬಿಡು ಅಂತ ಕೇಳುತ್ತದೆ.’ ಆಮೇಲೆ ದಾಳ. ಪಾತ್ರವಾಗಿ ಬಾಯಿಬಿಟ್ಟವರು ಯಾರೂ ಇಲ್ಲ. ಆರು ತಿಂಗಳಲ್ಲಿ ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಮತ್ತೆ ಶುರುವಾಗಿದ್ದು ಒಂದು ತಾಳಮದ್ದಳೆಯಿಂದ. ನನ್ನ ಊರು ಪುತ್ತೂರಿನ ಕಡೆ. ಅಲ್ಲಿ ಮಳೆಗಾಲದಲ್ಲಿ ಮನೆಗಳಲ್ಲೂ ತಾಳಮದ್ದಳೆ ಇಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಅಂಗಿ ಪಂಚೆ ಉಟ್ಟ ಅರ್ಥಧಾರಿಗಳು ಕೂತಲ್ಲಿಂದಲೇ ಕೃಷ್ಣನಾಗಿ, ಕರ್ಣನಾಗಿ ಮಾತಾಡುತ್ತಾರೆ. ಯಾರೂ ಬರೆದುಕೊಟ್ಟ ಮಾತಲ್ಲ ಅದು. ಎದುರಿನವರು ಏನು ಹೇಳಿದರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಭಾಗವತರು ಪದ್ಯ ಹಾಡಿ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. 2019ರ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ಕೇಳುತ್ತಿದ್ದಾಗ ನನಗೆ ಇದು ಹೊಳೆಯಿತು. ನಾವು ಬೆಂಗಳೂರಿನಲ್ಲಿ ಮಾಡಲು ಒದ್ದಾಡುತ್ತಿದ್ದದ್ದನ್ನು ಇಲ್ಲಿನವರು ಸಲೀಸಾಗಿ ಮಾಡುತ್ತಿದ್ದಾರಲ್ಲ! ವ್ಯತ್ಯಾಸ ಒಂದೇ. ಪ್ರಸಂಗದಲ್ಲಿ ಕೊನೆಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಆಟದಲ್ಲಿ ಅದು ದಾಳಕ್ಕೆ ಬಿಟ್ಟದ್ದು.

ಬೆಂಗಳೂರಿಗೆ ಬಂದು ಹೊಸ ಕಥೆ ಕಟ್ಟಿದೆ. 16ನೇ ಶತಮಾನದ ಗೇರುಸೊಪ್ಪೆ. ರಾಣಿ ಚೆನ್ನಭೈರಾದೇವಿಯ ಕಾಲ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೆಣಸು ಶರಾವತಿಯಲ್ಲಿ ಇಳಿದು ಹೊನ್ನಾವರಕ್ಕೆ ಬರುತ್ತದೆ, ಅಲ್ಲಿಂದ ಹಡಗು ಹತ್ತುತ್ತದೆ. ಕುಮಟಾದ ಹತ್ತಿರ ಅಘನಾಶಿನಿಯ ದಡದಲ್ಲಿ ಮಿರ್ಜಾನ್ ಕೋಟೆ. ಕಾಡು, ನದಿ, ಬಂದರು, ಕೋಟೆ, ಪರದೇಶದ ವ್ಯಾಪಾರಿಗಳು: ಇಂಥ ಆಟಕ್ಕೆ ಇನ್ನೇನು ಬೇಕು? ದೆವ್ವ ಭೂತಗಳನ್ನು ನಾನು ಸೇರಿಸಿಕೊಂಡೆ.

ಪಾತ್ರಗಳನ್ನು ಅವರವರೇ ಮಾಡಿಕೊಂಡರು. ಒಬ್ಬ ಅಂಬಿಗ. ಒಬ್ಬ ಗರಡಿಮನೆಯ ಜಟ್ಟಿ. ಒಬ್ಬಳು ಬೇರು ನಾರು ಬಲ್ಲ ಮದ್ದಿನ ಅಜ್ಜಿ. ಬ್ಯಾಂಕಿನ ಗೆಳತಿ ಮೆಣಸಿನ ವ್ಯಾಪಾರಿಯ ಮಗಳಾದಳು. ನಿಯಮ ಬದಲಿಸುವ ಗೋಜಿಗೆ ನಾನು ಜಾಸ್ತಿ ಹೋಗಲಿಲ್ಲ. ಜಟ್ಟಿ ಅಂದರೆ ಪುಸ್ತಕದ ಫೈಟರ್, ಅಜ್ಜಿ ಅಂದರೆ ಗಿಡಮರದ ಮಂತ್ರ ಬಲ್ಲ ಡ್ರೂಯಿಡ್. ಹೆಸರು ಬೇರೆ, ಅಂಕಿ ಅದೇ.

ಮೊದಲ ದಿನವೇ ಮಿರ್ಜಾನ್ ಕೋಟೆಯ ಬಾಗಿಲು. ಸಂಜೆಯಾಗಿದೆ, ಬಾಗಿಲು ಹಾಕಿದ್ದಾರೆ. ಕಾವಲುಗಾರ ನಾನು. ವ್ಯಾಪಾರಿಯ ಮಗಳು ಮುಂದೆ ಬಂದಳು. ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ ನನ್ನನ್ನೇ ಕೇಳಿದಳು: ‘ಇವನನ್ನು ನೀನು ಅನ್ನಲಾ, ನೀವು ಅನ್ನಲಾ?’

ಆ ಪ್ರಶ್ನೆ ಇಂಗ್ಲಿಷಿನಲ್ಲಿ ಏಳುವುದೇ ಇಲ್ಲ. ಕನ್ನಡದಲ್ಲಿ ಅದನ್ನು ತೀರ್ಮಾನ ಮಾಡದೆ ಒಂದು ವಾಕ್ಯವನ್ನೂ ಮುಗಿಸಲು ಆಗುವುದಿಲ್ಲ. ಈ ಹುಡುಗಿ ದುಡ್ಡಿರುವವಳು, ಆದರೆ ಬಾಗಿಲಲ್ಲಿ ಬೇಡುತ್ತಿದ್ದಾಳೆ. ಅವನು ಆಳು, ಆದರೆ ಬೀಗದ ಕೈ ಅವನ ಹತ್ತಿರ ಇದೆ. ವಯಸ್ಸು ಎಷ್ಟು? ಇವಳ ಅಪ್ಪನ ಹೆಸರು ಕೇಳಿದ್ದಾನಾ? ಅವಳು ಒಂದು ಗಳಿಗೆ ಯೋಚಿಸಿ, ‘ಅಣ್ಣಾ, ಬಾಗಿಲು ತೆಗಿ. ನಾನು ಮೆಣಸಿನ ಸೆಟ್ಟರ ಮಗಳು’ ಅಂದಳು. ಅಣ್ಣ ಅಂತ ಕರೆದು ಸಲಿಗೆ ತೋರಿದಳು, ‘ತೆಗಿ’ ಅಂತ ಯಜಮಾನಿಕೆಯನ್ನೂ ಉಳಿಸಿಕೊಂಡಳು. ನಾನು ಕಾವಲುಗಾರನಾಗಿ ‘ಸೆಟ್ಟರ ಮಗಳು ಈ ಹೊತ್ತಿನಲ್ಲಿ ನಡ್ಕೊಂಡು ಬರ್ತಾಳೇನಮ್ಮಾ?’ ಅಂದೆ.

ದಾಳ ಹಾಕಿದಳು. ಅವಳ ಹಾಳೆಯಲ್ಲಿ ಮಾತಿನ ಬಲ 5 ಇತ್ತು. ಬಿದ್ದದ್ದು 4. ಒಟ್ಟು 9. ಬೇಕಿದ್ದದ್ದು 15. ಬಾಗಿಲು ತೆರೆಯಲಿಲ್ಲ. ಆಗ ಜಟ್ಟಿ ಎದ್ದ. ಆ ಪಾತ್ರ ಮಾಡುವವನು ಧಾರವಾಡದವನು. ‘ಏನಪಾ, ಮಂದಿ ಬಾಗಲಾಗ ನಿಂತಾರ, ನೀರು ಕೊಡಾಕೂ ಆಗೂದಿಲ್ಲೇನು?’ ಅಂತ ಅವನದೇ ಮಾತಿನಲ್ಲಿ ಶುರು ಮಾಡಿದ. ಮೊದಲು ತಿಂಗಳುಗಟ್ಟಲೆ ನಮ್ಮ ಜೊತೆ ಆಡಿದ್ದ, ಅವನಿಂದ ಇಷ್ಟುದ್ದ ಮಾತು ನಾನು ಕೇಳಿರಲಿಲ್ಲ. ಆ ಬಾಗಿಲಿನ ಮುಂದೆಯೇ ನಮಗೆ ನಲವತ್ತು ನಿಮಿಷ ಆಯಿತು. ಯಾರೂ ಫೋನ್ ಮುಟ್ಟಲಿಲ್ಲ.

ಅಂದಿನಿಂದ ನಮ್ಮ ಕಥೆಯಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದೇ ಅರ್ಧ ಆಟ. ಮೂರು ವರ್ಷ ‘ನೀವು’ ಅನ್ನುತ್ತಿದ್ದ ಅಂಬಿಗ, ಸೆಟ್ಟರ ಮಗಳು ಮೋಸ ಮಾಡಿದಳು ಅಂತ ಗೊತ್ತಾದ ದಿನ ‘ನೀನು’ ಅಂದ. ಮೇಜಿನಲ್ಲಿ ಎಲ್ಲರೂ ಸುಮ್ಮನಾದರು. ಅದಕ್ಕೆ ದಾಳ ಬೇಕಾಗಲಿಲ್ಲ.

2020ರ ಲಾಕ್‌ಡೌನಿನಲ್ಲಿ ಎರಡನೇ ಸಲ ನಿಂತಿತು. ವಿಡಿಯೊ ಕಾಲಿನಲ್ಲಿ ಪ್ರಯತ್ನಪಟ್ಟೆವು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದು ಯಾರದ್ದೂ ಕೇಳುತ್ತಿರಲಿಲ್ಲ. ಮೂರು ಸಲ ಆಡಿ ಬಿಟ್ಟೆವು. ದೂರದಿಂದ ಚೆನ್ನಾಗಿ ಆಡುವ ಗುಂಪುಗಳಿವೆ. ನಮಗೆ ಅದು ಹಿಡಿಸಲಿಲ್ಲ.

ಮತ್ತೆ ಕೂಡಿದಾಗ ಎರಡು ವಿಷಯ ಬದಲಿಸಿದೆವು. ಒಂದು, ‘ಎಲ್ಲರಿಗೂ ಯಾವಾಗ ಆಗುತ್ತೆ?’ ಅಂತ ಕೇಳುವುದನ್ನು ನಿಲ್ಲಿಸಿದೆವು. ಐದು ಜನ, ಮನೆ, ಮಕ್ಕಳು, ಊರಿನ ಮದುವೆ. ಎಲ್ಲರಿಗೂ ಆಗುವ ದಿನ ಬರುವುದೇ ಇಲ್ಲ. ದಿನ ಗೊತ್ತು ಮಾಡಿದ್ದೇವೆ. ಮೂವರು ಬಂದರೆ ಆಟ ನಡೆಯುತ್ತದೆ. ಬರದವರ ಪಾತ್ರ ಆ ದಿನ ದೋಣಿ ಕಾಯುತ್ತದೆ. ಇದೊಂದು ನಿಯಮ ನಮ್ಮ ಆಟವನ್ನು ಉಳಿಸಿತು ಅಂತ ನಾನು ನಂಬಿದ್ದೇನೆ.

ಇನ್ನೊಂದು, ನಾನು ತಯಾರಿ ಕಡಿಮೆ ಮಾಡಿದೆ. ಮೊದಲು ಹನ್ನೆರಡು ಪುಟ ಬರೆಯುತ್ತಿದ್ದೆ. ಆಟಗಾರರು ಬೇರೆ ದಾರಿ ಹಿಡಿದರೆ ಅವರನ್ನು ಎಳೆದು ತಂದು ನನ್ನ ಪುಟಕ್ಕೆ ನಿಲ್ಲಿಸುತ್ತಿದ್ದೆ. ಅದು ತಪ್ಪು. ಅವರಿಗೂ ಗೊತ್ತಾಗುತ್ತಿತ್ತು, ಬೇಜಾರಾಗುತ್ತಿತ್ತು. ಈಗ ಒಂದೇ ಹಾಳೆ ಬರೆಯುತ್ತೇನೆ. ಮೂರು ಜನರ ಹೆಸರು, ಒಬ್ಬೊಬ್ಬರಿಗೆ ಏನು ಬೇಕು, ಯಾರಿಗೆ ಏನು ಭಯ. ಅಷ್ಟಿದ್ದರೆ ನಾಲ್ಕು ಗಂಟೆಯ ಆಟಕ್ಕೆ ಸಾಕು.

ಶುರು ಮಾಡಲು ದುಡ್ಡು ಬೇಕಾಗುವುದಿಲ್ಲ. ಈ ಆಟದ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದು, ನಮಗೆ ಬೇಕಾದ ಹಾಗೆ ಕನ್ನಡಕ್ಕೆ ತಂದುಕೊಳ್ಳಲೂಬಹುದು. ನಾನು ನಾಲ್ಕು ಪುಟಕ್ಕೆ ಇಳಿಸಿಕೊಂಡಿದ್ದೇನೆ. ದಾಳ ಸಿಗದಿದ್ದರೆ ಫೋನಿನಲ್ಲೇ ಹಾಕಬಹುದು. ಆದರೂ ಒಂದು ಸೆಟ್ ಕೊಳ್ಳಿ. ಚೌಕಾಬಾರದಲ್ಲಿ ಕವಡೆ ಮಗುಚಿ ಬೀಳುವಾಗ ಎಲ್ಲರೂ ಬಗ್ಗಿ ನೋಡುತ್ತಾರಲ್ಲ, ಆ ಗಳಿಗೆ ಫೋನಿನಲ್ಲಿ ಇಲ್ಲ.

ಈಚೆಗೆ ಮದ್ದಿನ ಅಜ್ಜಿಯ ಪಾತ್ರ ಮಾಡುವವಳ ಹನ್ನೊಂದು ವರ್ಷದ ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳೆ. ಹೋದ ಸಲ ಅಂಬಿಗ ಬಂದಿರಲಿಲ್ಲ. ಶರಾವತಿಯಲ್ಲಿ ನೆರೆ, ದೋಣಿ ನಡೆಸುವವರಿಲ್ಲ. ‘ನಾನು ಅಂಬಿಗರ ಮಗಳಾಗಲಾ?’ ಅಂತ ಕೇಳಿದಳು. ಅವಳಿಗೊಂದು ಹಾಳೆ ಕೊಟ್ಟೆ. ಬರುವ ಶನಿವಾರ ಅಪ್ಪ ಮಗಳು ಒಂದೇ ದೋಣಿಯಲ್ಲಿ ಇರುತ್ತಾರೆ. ಅವನಿಗೆ ಮಗಳಿದ್ದಾಳೆ ಅಂತ ಅವನಿಗೆ ಇನ್ನೂ ಗೊತ್ತಿಲ್ಲ.