ಎಐ ಪಾಠಕ್ಕೆ ಮೊದಲು ಎರಡು ಥರದ ಎಲೆ ತನ್ನಿ

ನಾನು ಶಿರಸಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಪರಿಚಯಿಸುವಾಗ ದಯವಿಟ್ಟು ಚಾಟ್‌ಜಿಪಿಟಿಯಿಂದ ಶುರು ಮಾಡಬೇಡಿ. ಅದು ಮಕ್ಕಳಿಗೆ ಎಲ್ಲಾ ಬಲ್ಲ ಮಾಸ್ತರರ ಹಾಗೆ ಕಾಣುತ್ತದೆ. ಮೊದಲು ಮಕ್ಕಳೇ ಯಂತ್ರಕ್ಕೆ ಕಲಿಸಲಿ, ಅದು ತಪ್ಪುವುದನ್ನು ಕಣ್ಣಾರೆ ನೋಡಲಿ.

ಕ್ಯಾಮೆರಾ ಇರುವ ಒಂದು ಲ್ಯಾಪ್‌ಟಾಪ್, ನೆಟ್, ತೋಟದಿಂದ ಒಂದಷ್ಟು ವೀಳ್ಯದೆಲೆ, ಒಂದಷ್ಟು ಕಾಳುಮೆಣಸಿನ ಎಲೆ ಸಾಕು. ಎರಡೂ ಪೈಪರ್ ಕುಲದ ಬಳ್ಳಿಗಳು, ನೋಡಲಿಕ್ಕೂ ಅಕ್ಕತಂಗಿಯರ ಹಾಗೆ. ಕಾರವಾರ, ಅಂಕೋಲಾ ಕಡೆಯವರು ಕಡಲದಂಡೆಯ ಎರಡು ಥರದ ಚಿಪ್ಪು ತರಬಹುದು. ಮಳೆಗಾಲವಾದರೆ ಹಿಂದಿನ ದಿನವೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಲ್ಯಾಪ್‌ಟಾಪ್ ತೆರೆಯುವ ಮೊದಲು ಕೇಳಿ: ಇದು ವೀಳ್ಯದೆಲೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ನಮ್ಮಲ್ಲಿ ಒಬ್ಬ ಹುಡುಗ ಎಲೆ ಹಿಸುಕಿ ಮೂಸಿ ತೋರಿಸಿದ. ಕ್ಯಾಮೆರಾಕ್ಕೆ ಮೂಗಿಲ್ಲ, ಅಲ್ವಾ? ಹಾಗಾದರೆ ಅದು ಏನು ನೋಡಿ ಕಲಿಯುತ್ತದೆ? ಉತ್ತರ ಹೇಳಬೇಡಿ.

ಈಗ ಗೂಗಲ್‌ನ ಟೀಚಬಲ್ ಮಷೀನ್ ತೆರೆಯಿರಿ. ಫೋಟೋ ತೋರಿಸಿ ಕಂಪ್ಯೂಟರಿಗೆ ಗುರುತಿಸಲು ಕಲಿಸುವ ವೆಬ್‌ಸೈಟ್ ಇದು. ಉಚಿತ, ಲಾಗಿನ್ ಬೇಡ. ಇಮೇಜ್ ಪ್ರಾಜೆಕ್ಟ್ ಆರಿಸಿ, ಅಲ್ಲಿ ‘ಕ್ಲಾಸ್’ ಎಂದು ಕಾಣುವ ಎರಡು ಗುಂಪಿಗೆ ಎಲೆಗಳ ಹೆಸರು ಕೊಡಿ. ವೀಳ್ಯದೆಲೆಯನ್ನು ಬಿಳಿ ಹಾಳೆಯ ಮೇಲಿಟ್ಟು, ಮೆಣಸಿನ ಎಲೆಯನ್ನು ಬೆಂಚಿನ ಮೇಲಿಟ್ಟು ಐವತ್ತೈವತ್ತು ಫೋಟೋ ತೆಗೆಸಿ. ಮಕ್ಕಳ ಮುಖ ಬೀಳದಿರಲಿ. ಯಂತ್ರ ಆ ಫೋಟೋಗಳಿಂದ ಕಲಿಯಲು ‘ಟ್ರೇನ್ ಮಾಡೆಲ್’ ಒತ್ತಿ.

ಮೊದಲಿಗೆ ಎಲ್ಲಾ ಸರಿ ಹೇಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ವೀಳ್ಯದೆಲೆಯನ್ನು ಬೆಂಚಿನ ಮೇಲಿಡಿ. ನಮ್ಮಲ್ಲಿ ‘ಮೆಣಸು’ ಅಂತ ಬಂತು. ಎಲ್ಲರೂ ಸುಮ್ಮನಾದರು. ಒಬ್ಬಳು ಎದ್ದು ಬಂದು ಎಲೆಯನ್ನೇ ತೆಗೆದುಬಿಟ್ಟಳು. ಖಾಲಿ ಬೆಂಚಿಗೂ ‘ಮೆಣಸು’! "ಅಕ್ಕೋರೇ, ಇದು ಎಲೆ ನೋಡ್ತಾನೇ ಇಲ್ಲ, ಬೆಂಚು ನೋಡ್ತಾ ಇದೆ!" ಎಂದಳು.

ಇಲ್ಲಿ ಅವಸರ ಮಾಡಬೇಡಿ. ಸರಿಪಡಿಸುವುದು ಹೇಗೆ ಅಂತ ಅವರೇ ಯೋಚಿಸಲಿ. ನಮ್ಮವರು ಎರಡೂ ಎಲೆಗಳನ್ನು ಹಾಳೆ, ಬೆಂಚು, ಅಂಗೈ, ಎಲ್ಲದರ ಮೇಲೂ ಇಟ್ಟರು. ಚಿಗುರು, ಹಣ್ಣೆಲೆ, ಹುಳ ತಿಂದದ್ದು, ಎಲ್ಲಾ ಸೇರಿಸಿದರು. ಕಲಿಸುವಾಗ ತೋರಿಸದ ಹತ್ತು ಎಲೆ ಪರೀಕ್ಷೆಗೆ ಬೇರೆ ತೆಗೆದಿಡಿ. ನೋಡಿದ ಪ್ರಶ್ನೆಯನ್ನೇ ಪರೀಕ್ಷೆಗೆ ಕೊಟ್ಟರೆ ಏನು ಗೊತ್ತಾಗುತ್ತದೆ? ಕೊನೆಗೆ ಕಂಪಾಸು ಪೆಟ್ಟಿಗೆ ಹಿಡಿಯಿರಿ. ಅದಕ್ಕೂ ಎರಡರಲ್ಲೊಂದು ಎಲೆಯ ಹೆಸರೇ ಬರುತ್ತದೆ. ‘ಗೊತ್ತಿಲ್ಲ’ ಅನ್ನಲು ನಾವು ಕಲಿಸಿಯೇ ಇಲ್ಲ.

ಇಷ್ಟಾದ ಮೇಲೆ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್. 2023ರಲ್ಲಿ ಯುನೆಸ್ಕೋ ಕೊಟ್ಟ ಸಲಹೆಯಂತೆ ತರಗತಿಯಲ್ಲಿ ಇದನ್ನು ಬಳಸಲು ಮಕ್ಕಳಿಗೆ ಕನಿಷ್ಠ 13 ವರ್ಷ ಆಗಿರಬೇಕು. ನಾನು ನನ್ನ ಫೋನಿನಲ್ಲೇ ಕೇಳುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವುದನ್ನೇ ಕೇಳಿ. ಶಾಲ್ಮಲಾ ಹೊಳೆಯ ಸಹಸ್ರಲಿಂಗ, ಮಾರಿಕಾಂಬಾ ಜಾತ್ರೆ, ನಿಮ್ಮೂರಿನ ಕೆರೆ. ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಕೆಂಪು ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಡಿ.