ಕಾರವಾರಕ್ಕೆ ನಾಲ್ಕು ಚಪ್ಪಾಳೆ: ಅಕ್ಷರ, ಲೆಕ್ಕ ಮನೆಯಲ್ಲೇ ಶುರು ಮಾಡುವುದು ಹೀಗೆ

ಜೂನ್ ಹತ್ತಿರ ಬಂತೆಂದರೆ ನನಗೆ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಬಸ್ ಸ್ಟ್ಯಾಂಡಿನಲ್ಲಿ, ಮೀನು ಪೇಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ. "ಟೀಚರ್, ನಮ್ಮ ಹುಡುಗನಿಗೆ ನಾಲ್ಕು ತುಂಬಿತು, ಇನ್ನೂ ಅ ಆ ಇ ಈ ಬರೆಯೋದಿಲ್ಲ, ಏನು ಮಾಡೋದು?" ನಾನು ಒಂದನೇ ತರಗತಿಗೆ ಕಲಿಸುವವಳು, ಮನೆಯಲ್ಲಿ ಐದು ವರ್ಷದ ಮಗಳೂ ಇದ್ದಾಳೆ, ಹಾಗಾಗಿ ಈ ಪ್ರಶ್ನೆಯ ಹಿಂದಿನ ಗಾಬರಿ ನನಗೆ ಚೆನ್ನಾಗಿ ಗೊತ್ತು. ಉತ್ತರ ಮಾತ್ರ ಪ್ರತಿ ಸಲ ಒಂದೇ. ಪೆನ್ಸಿಲ್ ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ಮಗುವಿನ ಬಾಯಿ, ಕಿವಿ, ಕೈ ತಯಾರಾಗಲಿ. ಅದಕ್ಕೆ ಬೇಕಾದದ್ದೆಲ್ಲ ನಿಮ್ಮ ಅಡುಗೆ ಮನೆಯಲ್ಲೇ ಇದೆ.

ಸಮಯವೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತ ಎಂದು ನೋಡುತ್ತದೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ ಕೂಡ ಓದು, ಬರಹ, ಲೆಕ್ಕದ ಬುನಾದಿಗೆ ಮೂರನೇ ತರಗತಿ ಮುಗಿಯುವವರೆಗೆ ಅವಕಾಶ ಕೊಟ್ಟಿದೆ. ನಾಲ್ಕು ವರ್ಷದ ಮಗು ಹಿಂದೆ ಬಿದ್ದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಮನೆಯ ಮಾತು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಗೊಂದು ಮಾತು. ಕಾರವಾರ, ಅಂಕೋಲೆ ಕಡೆ ಕೊಂಕಣಿ ಜಾಸ್ತಿ, ಶಿರಸಿ ಸಿದ್ದಾಪುರದಲ್ಲಿ ಹವ್ಯಕರ ಕನ್ನಡ, ಭಟ್ಕಳಕ್ಕೆ ಹೋದರೆ ನವಾಯತಿ, ಹಾಲಕ್ಕಿಗಳ ಕನ್ನಡ ಅವರದೇ. ಶಾಲೆ ಪುಸ್ತಕದ ಕನ್ನಡ ಇದ್ಯಾವುದೂ ಅಲ್ಲ. ಅದಕ್ಕೆ ಹೆದರಿ ಕೆಲವರು ಮನೆಯ ಮಾತನ್ನೇ ಬಿಟ್ಟು ಮಗುವಿಗೆ "ಕಮ್, ಸಿಟ್, ಈಟ್" ಶುರು ಮಾಡುತ್ತಾರೆ. ದಯವಿಟ್ಟು ಬೇಡ. ನಿಮಗೆ ಸರಾಗವಾಗಿ ಬಾರದ ಭಾಷೆಯಲ್ಲಿ ಮಗುವಿಗೆ ಸಿಗುವುದು ಆ ಮೂರು ಶಬ್ದ ಅಷ್ಟೇ. ಮಾವಿನಕಾಯಿಗೆ ಉಪ್ಪು ಯಾಕೆ ಹಾಕಿದೆ, ದೋಣಿ ಇವತ್ತು ಯಾಕೆ ಸಮುದ್ರಕ್ಕೆ ಹೋಗಲಿಲ್ಲ ಅಂತ ನೀವು ಬಿಡಿಸಿ ಹೇಳುವುದು ನಿಮ್ಮ ಮಾತಿನಲ್ಲೇ ಅಲ್ವಾ? ಜಾಸ್ತಿ-ಕಡಿಮೆ, ಮೊದಲು-ಆಮೇಲೆ ಎಂಬುದನ್ನು ಕೊಂಕಣಿಯಲ್ಲಿ ಅರ್ಥ ಮಾಡಿಕೊಂಡ ಮಗು ಶಾಲೆಯಲ್ಲಿ ಅದನ್ನು ಮತ್ತೆ ಕಲಿಯಬೇಕಾಗಿಲ್ಲ. ಕನ್ನಡದ ಹೆಸರಷ್ಟೇ ಹೊಸದು.

ಒಂದು ಅಭ್ಯಾಸ ಮಾಡಿಕೊಳ್ಳಿ. ದಿನಕ್ಕೆ ಮೂರು ಸಲವಾದರೂ "ಯಾಕೆ?" "ಹೇಗೆ?" ಅಂತ ಮಗುವನ್ನು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಲ್ಲೇ ಐದರವರೆಗೆ ಎಣಿಸಿ. ಉತ್ತರ ಬರುವ ಮೊದಲೇ ನಾವೇ ಹೇಳಿಬಿಡುತ್ತೇವೆ, ಅದೇ ನಾವು ಮಾಡುವ ದೊಡ್ಡ ತಪ್ಪು.

ಆಮೇಲೆ ಚಪ್ಪಾಳೆ

ಕಾ-ರ-ವಾ-ರ. ನಾಲ್ಕು ಚಪ್ಪಾಳೆ. ಶಿ-ರ-ಸಿ, ಮೂರು. ಬಂ-ಗ-ಡೆ, ಮೂರು. ಅಮ್ಮನನ್ನು ಕರೆಯುವ ಆ-ಯಿ, ಎರಡು. ಮಗುವಿನ ಹೆಸರಿಗೆ ಎಷ್ಟು? ಅಜ್ಜನ ಹೆಸರಿಗೆ? ಸ್ನಾನ ಮಾಡಿಸುವಾಗ, ತಲೆ ಬಾಚುವಾಗ ಆಡುವ ಆಟ ಇದು, ಒಂದು ರೂಪಾಯಿ ಖರ್ಚಿಲ್ಲ.

ಇದು ಬರೀ ಆಟವಲ್ಲ. ಕನ್ನಡದಲ್ಲಿ ಬಾಯಲ್ಲಿ ಒಂದು ತುಂಡು ಎಂದರೆ ಹೆಚ್ಚಿನ ಸಲ ಹಾಳೆಯ ಮೇಲೂ ಒಂದೇ ಅಕ್ಷರ. ನಾಲ್ಕು ಚಪ್ಪಾಳೆಯ ಕಾರವಾರಕ್ಕೆ ನಾಲ್ಕು ಅಕ್ಷರ. ಅಮ್ಮ ಎಂದರೆ ಒತ್ತು ಇದ್ದರೂ ಎರಡು ಚಪ್ಪಾಳೆ, ಎರಡು ಅಕ್ಷರ. "ಬಸ್" ಥರದ ಹೊರಗಿನ ಶಬ್ದಗಳಲ್ಲಿ ಇದು ತಪ್ಪುತ್ತದೆ, ಅದು ಬೇರೆ ಮಾತು. ಮಾತನ್ನು ಹೀಗೆ ತುಂಡು ಮಾಡಲು ಬಂದ ಮಗುವಿಗೆ ಓದಿನ ಅರ್ಧ ದಾರಿ ಮುಗಿದ ಹಾಗೆ, ಇನ್ನು ಒಂದೊಂದು ತುಂಡಿಗೂ ಒಂದು ಚಿತ್ರ ಗುರುತಿಸಬೇಕು ಅಷ್ಟೇ.

ಚಪ್ಪಾಳೆ ರೂಢಿಯಾದ ಮೇಲೆ ಸ್ವಲ್ಪ ಕಷ್ಟ ಮಾಡಿ. "ಕಾರವಾರದ ಕಾ, ಇನ್ನು ಯಾವುದರಲ್ಲಿ ಇದೆ?" ಕಾಗೆ, ಕಾಲು, ಕಾಳಿ ನದಿ. "ಬಂಗಡೆಯಿಂದ ಬಂ ತೆಗೆದರೆ ಏನು ಉಳೀತು?" ನನ್ನ ಮಗಳು "ಗಡೆ" ಅಂತ ಹೇಳಿ ಅರ್ಧ ಗಂಟೆ ನಕ್ಕಿದ್ದಳು. ಆಮೇಲೆ ಒಂದು ವಾರ ಮನೆಯ ಎಲ್ಲ ಸಾಮಾನಿನ ತಲೆ ತೆಗೆದೇ ಹೆಸರು ಹೇಳುತ್ತಿದ್ದಳು.

ಅಕ್ಷರಕ್ಕೆ ಯಾವ ಕ್ರಮ?

ಅ ಆ ಇ ಈ ಹಾಡಿನ ಹಾಗೆ ಬಾಯಿಗೆ ಬರಲಿ, ತೊಂದರೆ ಇಲ್ಲ. ಗುರುತಿಸಲು ಮಾತ್ರ ಆ ಕ್ರಮ ಬೇಡ. ಕನ್ನಡಕ್ಕೆ 49 ಅಕ್ಷರ. ಮೊದಲ ಏಳು ಕಲಿತರೂ ಮಗು ಓದಬಹುದಾದ ಶಬ್ದ ಎಷ್ಟು? ಒಂದೋ ಎರಡೋ. ಏಳನೆಯದಾದ ಋ ಸಿಗಬೇಕಾದರೆ ಋಷಿಯನ್ನೇ ಹುಡುಕಬೇಕು.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಕ್ರಮ ಇದೆ, ಮನೆಗೂ ಅದೇ ಒಳ್ಳೆಯದು. ಮೊದಲು ರ ಗ ಸ ದ ಅ. ಬರೀ ಐದು. ಆದರೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಮೊದಲ ತಿಂಗಳಲ್ಲೇ ಮಗು ಶಬ್ದ ಓದುತ್ತದೆ, "ನನಗೆ ಓದೋಕೆ ಬರುತ್ತೆ" ಅಂತ ಓಡಿ ಬರುತ್ತದೆ. ಮುಂದೆ ಜ ವ ಮ ಬ ನ. ಈಗ ಮರ, ಜನ, ದನ, ಮಗ, ವನ ಎಲ್ಲ ಸೇರಿದವು. ವ ಬರೆದು ಕೊನೆಯಲ್ಲಿ ಒಂದು ಕೊಂಬು ಎಳೆದರೆ ಮ, ಇದನ್ನು ಮಕ್ಕಳು ತಾವೇ ಕಂಡುಹಿಡಿದು ಹೇಳುತ್ತಾರೆ. ಹಳೆಯ ಮದುವೆ ಕಾಗದದ ಹಿಂಬದಿಯನ್ನು ಸಣ್ಣ ಚೌಕ ಕತ್ತರಿಸಿ ಒಂದೊಂದರಲ್ಲಿ ಒಂದು ಅಕ್ಷರ ದೊಡ್ಡದಾಗಿ ಬರೆದಿಡಿ. ವಾರಕ್ಕೆ ಎರಡು ಸಾಕು. ದ ಧ ಥ ಮೂರನ್ನೂ ಒಟ್ಟಿಗೆ ತರಬೇಡಿ, ದೊಡ್ಡವರಿಗೇ ಕಣ್ಣು ಮಂಜಾಗುತ್ತದೆ.

ಕಾಗುಣಿತಕ್ಕೆ ಬಂದಾಗ ಮಕ್ಕಳು ಎಡವುವುದು ಸಹಜ. ಕ ಕಾ ಕಿ ಕೀ ಅಂತ ಇಡೀ ಸಾಲು ಬಾಯಿಪಾಠ ಮಾಡಿದ ಮಗುವಿಗೆ ನಡುವಿನಿಂದ ಒಂದನ್ನು ತೋರಿಸಿದರೆ ಮತ್ತೆ ಕ ದಿಂದಲೇ ಶುರು ಮಾಡುತ್ತದೆ. ಜೋಡಿ ಶಬ್ದ ಕೊಡಿ. ದರ-ದಾರ, ದನ-ದಾನ, ವರ-ವಾರ. ಅದು ಗಟ್ಟಿಯಾದ ಮೇಲೆ ಮರ-ಮರಿ, ಸರ-ಸರಿ, ನರ-ನರಿ. ಒಂದು ಗೆರೆ ಸೇರಿದರೆ ಅರ್ಥವೇ ಬದಲಾಗುತ್ತದೆ ಎಂಬುದು ಮಗುವಿಗೆ ಆಗ ಹೊಳೆಯುತ್ತದೆ.

ಒತ್ತಕ್ಷರಕ್ಕೆ ಮನೆಯವರೇ ಸಾಕು. ಅಪ್ಪ, ಅಕ್ಕ, ಅಣ್ಣ, ಅಜ್ಜ. ಇವುಗಳ ಒತ್ತು ಆ ಅಕ್ಷರದ ಹಾಗೆಯೇ ಕಾಣುತ್ತದೆ, ತಲೆಕಟ್ಟು ಇಲ್ಲ ಅಷ್ಟೇ. ಅಮ್ಮ, ಅತ್ತೆ ಆಮೇಲೆ ಬರಲಿ, ಯಾಕೆಂದರೆ ಮ, ತ, ನ, ಯ, ರ, ಲ ಇವುಗಳ ಒತ್ತಿನ ರೂಪವೇ ಬೇರೆ.

ಬಸ್ ಬೋರ್ಡು ಓದಿ

ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತಿಗೆ ಮಗುವಿನ ಕೈಗೆ ಮೊಬೈಲ್ ಕೊಡಬೇಡಿ. "ನಿನ್ನ ರ ಎಲ್ಲಿದೆ ಹುಡುಕು." ಕಾರವಾರದಲ್ಲಿ ಎರಡು ಸಿಗುತ್ತವೆ, ಶಿರಸಿಯಲ್ಲಿ ಒಂದು, ಹೊನ್ನಾವರದಲ್ಲಿ ಕೊನೆಗೆ ಒಂದು, ಕುಮಟಾದಲ್ಲಿ ಇಲ್ಲವೇ ಇಲ್ಲ. ಗೋಕರ್ಣದಲ್ಲೂ ಇದೆ, ಆದರೆ ಅದು ರೂಪ ಬದಲಿಸಿ ಣ ಪಕ್ಕ ಕೂತಿದೆ, ಆ ಗುಟ್ಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಹೆದ್ದಾರಿ 66ರಲ್ಲಿ ಹೋಗುವಾಗ ಕಿಲೋಮೀಟರ್ ಕಲ್ಲು ನೋಡಲು ಹೇಳಿ. ಊರು ಹತ್ತಿರವಾದ ಹಾಗೆ ಸಂಖ್ಯೆ ಸಣ್ಣದಾಗುವುದನ್ನು ಮಕ್ಕಳು ಬಹಳ ಬೇಗ ಹಿಡಿಯುತ್ತಾರೆ. ಉಲ್ಟಾ ಎಣಿಕೆ ಅಲ್ಲೇ ಬಂತು.

ಬರೆಯುವುದು ಎಲ್ಲಕ್ಕಿಂತ ಕೊನೆಗೆ. ನನ್ನ ಅಕ್ಕನ ಮಗನಿಗೆ ನಾಲ್ಕನೇ ವರ್ಷದಲ್ಲೇ ಒಂದು ನರ್ಸರಿಯವರು ದಿನಾ ಮೂರು ಪುಟ ಬರೆಸುತ್ತಿದ್ದರು. ಬೆರಳು ನೋವೆಂದು ಅಳುತ್ತಿದ್ದ, ಆಮೇಲೆ ಪುಸ್ತಕ ಕಂಡರೇ ಮಂಚದ ಕೆಳಗೆ ಹೋಗಿ ಕೂರುತ್ತಿದ್ದ. ಅವನನ್ನು ಮತ್ತೆ ಪುಸ್ತಕದ ಹತ್ತಿರ ತರಲು ಒಂದು ವರ್ಷ ಬೇಕಾಯಿತು. ಬೆರಳು ಗಟ್ಟಿಯಾಗುವುದು ಬೇರೆ ಕೆಲಸದಿಂದ. ಚಪಾತಿ ಹಿಟ್ಟು ನಾದಲಿ, ಬಟಾಣಿ ಬಿಡಿಸಲಿ, ದೀಪಾವಳಿಗೆ ಅಜ್ಜಿ ಜೊತೆ ಶೇಡಿ (ಬಿಳಿ ಮಣ್ಣು) ಅದ್ದಿ ಗೆರೆ ಎಳೆಯಲಿ. ಸಂಜೆ ಸಮುದ್ರದ ದಂಡೆಗೆ ಹೋದಾಗ ಒದ್ದೆ ಮರಳಿನ ಮೇಲೆ ಕೋಲಿನಿಂದ ಆಳೆತ್ತರದ ರ ಬರೆಯಿರಿ, ಮಗು ಅದರ ಮೇಲೆ ನಡೆಯಲಿ. ಮಳೆಗಾಲದಲ್ಲಿ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಯಬಹುದು. ಅಕ್ಷರ ಉಲ್ಟಾ ಬಂದರೆ ಬೈಯಬೇಡಿ, ಆರು ಏಳು ವರ್ಷದವರೆಗೂ ಅದು ಸಾಮಾನ್ಯ.

ರಾತ್ರಿ ಹತ್ತು ನಿಮಿಷ ಕತೆ. ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ, 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲೂ ಕನ್ನಡದ ಚಿತ್ರಕತೆಗಳು ಉಚಿತವಾಗಿವೆ. ಒಂದೇ ಕತೆಯನ್ನು ಇಪ್ಪತ್ತು ಸಲ ಓದು ಎಂದರೆ ಓದಿ. ನಡುವೆ ನಿಲ್ಲಿಸಿ "ಮುಂದೆ ಏನಾಗುತ್ತೆ?" ಅಂತ ಕೇಳಿ. ಮನೆಯಲ್ಲಿ ಅಜ್ಜಿಗೆ ಓದು ಬಾರದಿದ್ದರೂ ಚಿಂತೆಯಿಲ್ಲ, ಚಿತ್ರ ನೋಡುತ್ತಾ ಅವರು ಹೇಳುವ ಕತೆ ಪುಸ್ತಕದ್ದಕ್ಕಿಂತ ಉದ್ದವೇ ಇರುತ್ತದೆ. ಯಕ್ಷಗಾನ ನೋಡಿ ಬಂದ ಮರುದಿನ ಮಗು ಟವೆಲ್ ಸುತ್ತಿಕೊಂಡು ಕುಣಿಯುತ್ತಾ ಇಡೀ ಪ್ರಸಂಗ ಹೇಳಲು ಹೊರಟರೆ ತಡೆಯಬೇಡಿ, ಮೊದಲು ಏನಾಯಿತು ಆಮೇಲೆ ಏನಾಯಿತು ಎಂದು ಜೋಡಿಸುವುದನ್ನು ಅದು ಅಲ್ಲೇ ಕಲಿಯುತ್ತಿದೆ.

ಲೆಕ್ಕ: ಐದು ಬಂಗಡೆಯ ಪಾಠ

ಒಂದು ದಿನ ಮೀನು ತೊಳೆಯುವಾಗ ಮಗಳನ್ನು ಕರೆದು ಎಣಿಸಲು ಹೇಳಿದೆ. ಆಗ ಅವಳಿಗೆ ಮೂರೂವರೆ. ಬೆರಳಿಟ್ಟು ಎಣಿಸಿದಳು, ಒಂದು, ಎರಡು, ಮೂರು, ನಾಲ್ಕು, ಐದು. "ಹಾಗಾದ್ರೆ ಎಷ್ಟು ಬಂಗಡೆ ಇದೆ ಪುಟ್ಟಿ?" ಅಂದೆ. ಮತ್ತೆ ಒಂದರಿಂದ ಎಣಿಸಿದಳು. ಮತ್ತೆ ಕೇಳಿದೆ. "ಹೇಳಿದೆನಲ್ಲ ಆಯಿ!" ಅಂತ ಸಿಟ್ಟು ಮಾಡಿಕೊಂಡಳು.

ಅವಳಿಗೆ ಎಣಿಕೆ ಬರುತ್ತಿತ್ತು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ತಿಳಿದಿರಲಿಲ್ಲ. ನೂರರವರೆಗೆ ಗಡಗಡ ಹೇಳುವ ಮಕ್ಕಳಲ್ಲೂ ಇದು ಇಲ್ಲದಿರಬಹುದು, ಅದಕ್ಕೇ ಬಾಯಿಪಾಠ ನೋಡಿ ಖುಷಿ ಪಡಬೇಡಿ. ಎಣಿಸಿದ ಮೇಲೆ ಎಲ್ಲದರ ಸುತ್ತ ಕೈಯಾಡಿಸಿ "ಒಟ್ಟು ಐದು" ಎಂದು ಹೇಳಿ. ಆಮೇಲೆ "ನನಗೆ ನಾಲ್ಕು ಕೊಡು" ಎನ್ನಿ. ಇರುವುದನ್ನು ಎಣಿಸುವುದಕ್ಕಿಂತ ಕೇಳಿದಷ್ಟು ಎತ್ತಿ ಕೊಡುವುದು ಕಷ್ಟ, ಅದು ಬಂದರೆ ಸಂಖ್ಯೆ ನಿಜವಾಗಿ ಬಂತು. ಅದೇ ಐದನ್ನು ದೂರ ದೂರ ಹರಡಿ "ಈಗ ಎಷ್ಟು?" ಎಂದು ಕೇಳಿ. ಜಾಸ್ತಿ ಆಯಿತು ಎನ್ನುವ ಮಗುವಿಗೆ ನೀವು ಹೇಳಿ ಒಪ್ಪಿಸಲು ಆಗುವುದಿಲ್ಲ, ಮತ್ತೆ ಮತ್ತೆ ತಾನೇ ಎಣಿಸಿ ನೋಡಬೇಕು.

ಹತ್ತು ದಾಟಿದ ಮೇಲೆ ಕನ್ನಡದ ಹೆಸರುಗಳೇ ಸಹಾಯ ಮಾಡುತ್ತವೆ. ಇಪ್ಪತ್ತು, ಮೂವತ್ತು, ನಲವತ್ತು, ಎಲ್ಲದರ ಬಾಲದಲ್ಲಿ ಹತ್ತು ಅಡಗಿದೆ. ಇಪ್ಪತ್ತೊಂದು ಎಂದಾಗ ಇಪ್ಪತ್ತು ಮೊದಲು ಕೇಳುತ್ತದೆ, ಬರೆಯುವಾಗಲೂ 2 ಮೊದಲು. ಕೊಂಕಣಿಯ ಎಕ್ವೀಸ್‌ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಹಾಗಾಗಿ ಕೊಂಕಣಿ ಮನೆಯ ಮಗು 21ರ ಬದಲು 12 ಬರೆದರೆ ಅದು ದಡ್ಡತನವಲ್ಲ, ಕೇಳಿದ ಹಾಗೆ ಬರೆದಿದೆ. ಹತ್ತು ಕಡ್ಡಿಯ ಕಟ್ಟು ಎರಡು, ಬಿಡಿ ಒಂದು ಮುಂದಿಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ. ಬೆರಳಲ್ಲಿ ಎಣಿಸಿದರೆ ಎಣಿಸಲಿ, ಬೆರಳು ಬಿಡಿಸುವ ಅವಸರ ಬೇಡ.

ಭಾನುವಾರದ ಸಂತೆಗೆ ಮಗುವನ್ನು ಕರೆದುಕೊಂಡು ಹೋಗಿ. ಈಗ ಎಲ್ಲರೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತೇವೆ, ದುಡ್ಡು ಕೈ ಬದಲಾಯಿಸುವುದನ್ನೇ ಮಕ್ಕಳು ನೋಡುತ್ತಿಲ್ಲ. ವಾರಕ್ಕೊಮ್ಮೆಯಾದರೂ ಚಿಲ್ಲರೆ ಕೊಡಿ, ಕೊತ್ತಂಬರಿ ಸೊಪ್ಪನ್ನು ಮಗುವೇ ಕೊಳ್ಳಲಿ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ತಂದಾಗ ಡಜನ್ನಿಗೆ ಹನ್ನೆರಡು ಇದೆಯಾ ಎಂದು ಎಣಿಸಿ, ಮನೆಯ ನಾಲ್ಕು ಜನಕ್ಕೆ ಸರಿಯಾಗಿ ಹಂಚಲಿ. ಶಿರಸಿ ಕಡೆಯವರ ಅಂಗಳದಲ್ಲಿ ಅಡಿಕೆ ಇರುತ್ತದೆ, ದೊಡ್ಡದು ಸಣ್ಣದು ಬೇರೆ ಮಾಡುವುದು, ಚಾಲಿ ಯಾವುದು ಕೆಂಪಡಿಕೆ ಯಾವುದು ಎಂದು ವಿಂಗಡಿಸುವುದು ಕೂಡ ಲೆಕ್ಕವೇ. ಹೂವಿನ ದಂಡೆ ಕಟ್ಟುವಾಗ ಎರಡು ಅಬ್ಬಲಿಗೆ, ಒಂದು ಮಲ್ಲಿಗೆ, ಎರಡು ಅಬ್ಬಲಿಗೆ... "ಈಗ ಯಾವುದು?" ಎಂದು ಕೇಳಿ.

ಹಾವು-ಏಣಿ ಆಡುವಾಗ ಒಂದು ಸಣ್ಣ ಬದಲಾವಣೆ ಮಾಡಿ. ಐದರ ಮನೆಯಲ್ಲಿದ್ದು ಮೂರು ಬಿದ್ದರೆ "ಒಂದು, ಎರಡು, ಮೂರು" ಅನ್ನಬೇಡಿ. "ಆರು, ಏಳು, ಎಂಟು" ಎನ್ನುತ್ತಾ ಕಾಯಿ ನಡೆಸಿ. ಕೂಡುವುದು ಅದರಿಂದಲೇ ಬರುತ್ತದೆ.

ಇನ್ನು ಮಳೆಗಾಲದ ಸಂಜೆಗೆ ಅಟ್ಟದ ಮೇಲಿನ ಚೆನ್ನೆಮಣೆ ಇಳಿಸಿ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ. ಹುಣಸೆ ಬೀಜ ಬಳಸಿ. ಗುಲಗಂಜಿ ಖಂಡಿತ ಬೇಡ, ಅಗಿದರೆ ವಿಷ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಅದರ ಕೈಗೆ ಯಾವ ಬೀಜವೂ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಳಿಗೊಂದು ಬೀಜ ಹಾಕುತ್ತಾ ಹೋಗುವಾಗ ಒಂದಕ್ಕೊಂದು ಎಂಬ ಲೆಕ್ಕ ಕೈಗೆ ಬರುತ್ತದೆ, ನಾಲ್ಕು ಬೀಜ ಇರುವ ಗುಳಿಯನ್ನು ಎಣಿಸದೆಯೇ ಕಣ್ಣು ಗುರುತಿಸುತ್ತದೆ. ಆಟ ಮುಗಿದ ಮೇಲೆ ಬೀಜ ಎಣಿಸಿ ಡಬ್ಬಿಗೆ ಹಾಕುವ ಕೆಲಸ ಮಗುವಿನದೇ ಆಗಲಿ. 56 ಇರಬೇಕು. ನಮ್ಮ ಮನೆಯಲ್ಲಿ ಮೊನ್ನೆ 55 ಬಂತು, ಮಗಳು ಟಾರ್ಚ್ ಹಿಡಿದು ಮಂಚದ ಕೆಳಗೆ ಹೋದಳು.